ಶೈಲೊಬೆಕನ ಮೊದಲ ಹಾರೈಕೆ

ನರಿನ್ ಪಟ್ಟಣದಲ್ಲಿ ಗೇಟು, ಗ್ರಿಲ್ಲು ಬೆಸೆದು ಬದುಕುವ ಶೈಲೊಬೆಕನಿಗೆ ಜಗತ್ತಿನಲ್ಲಿ ಹೆದರಿಕೆಯಿದ್ದುದು ಒಂದಕ್ಕೇ: ನಾಲ್ಕು ಜನ ತನ್ನತ್ತ ತಿರುಗಿ ನೋಡುವುದಕ್ಕೆ. ವೆಲ್ಡಿಂಗ್ ಮುಖವಾಡದೊಳಗಿಂದ ಗಿರಾಕಿಗಳ ಜೊತೆ ಧಾರಾಳವಾಗಿ ಹರಟುತ್ತಿದ್ದ. ಅದನ್ನು ಮೇಲೆತ್ತಿದನೋ, ಬಾಯಿಗೆ ಬೀಗ. ನಮ್ಮಲ್ಲಾದರೋ ಊಟಕ್ಕೆ ಕೂತವರೆಲ್ಲ ಸರದಿಯಂತೆ ಎದ್ದು ಹಾರೈಕೆ ನುಡಿಯಬೇಕು. ಹುಟ್ಟಿದ ಮಗುವಿಗೆ, ಹೊಸ ಟ್ರಾಕ್ಟರಿಗೆ, ಏನೂ ಸಿಗದಿದ್ದರೆ ಹವಾಮಾನಕ್ಕೆ. ಇಂಥ ಜನರ ನಡುವೆ ಆ ಬಡಪಾಯಿ ಇಷ್ಟು ವರ್ಷ ಹೇಗೆ ಬದುಕಿದನೋ, ದೇವರೇ ಬಲ್ಲ.

ದೊಡ್ಡ ಮಗಳ ಮದುವೆಯಲ್ಲಿ ತಂದೆಯ ಸರದಿ ಬಂದಾಗ ಅವನು ಸಿಕ್ಕಿದ್ದು ಲಾರಿಯ ಅಡಿಯಲ್ಲಿ, ನೆಟ್ಟಗಿದ್ದ ಸೈಲೆನ್ಸರನ್ನು ರಿಪೇರಿ ಮಾಡುತ್ತಾ. ಮಗಳನ್ನು ಹರಸಿದ್ದು ಅವನ ಅಕ್ಕ ಕಾನೈಮ್. ಈಗ ಕಿರಿಯವಳು ಜಿಬೆಕಳ ಮದುವೆ ಗೊತ್ತಾಗಿತ್ತು.

"ಅಪ್ಪಾ, ನನ್ನನ್ನ ನೀನೇ ಹರಸ್ಬೇಕು. ಅತ್ತೆ ಬೇಡ," ಎಂದಿದ್ದಳು. ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು.

ಆಸ್ಪತ್ರೆಗೆ ಹೊಸದಾಗಿ ಮನೋವೈದ್ಯೆ ಬಂದಿದ್ದಾಳೆಂದು ತಿಳಿದು ಗುಟ್ಟಾಗಿ ಸಮಯ ಗೊತ್ತುಮಾಡಿಕೊಂಡ. ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ನಮ್ಮವರನ್ನು ಆಸ್ಪತ್ರೆಗೆ ಒಂಟಿಯಾಗಿ ಕಳಿಸುವುದುಂಟೇ? ಅವಳು ಅದನ್ನು ಕಾನೈಮಳ ಕಿವಿಗೆ ಹಾಕಿದಳು. ಬೆಳಿಗ್ಗೆ ಅವನು ಗೇಟು ತೆರೆದರೆ ಎರಡು ವ್ಯಾನಿನ ತುಂಬ ನೆಂಟರು.

"ಏನೋ, ಕದ್ದು ಹೋಗ್ತಿದ್ಯಾ? ನಿನಗೆ ಹಿಂದೆ ಮುಂದೆ ಯಾರೂ ಇಲ್ವಾ?" ಎಂದು ಕಾನೈಮ್ ಗದರಿದಳು. "ಬಾ, ವ್ಯಾನ್ ಹತ್ತು. ನಾಚ್ಕೆಗೆ ಮದ್ದು ತಗೊಳ್ಳೋಕೂ ನಾಚ್ಕೇನಾ?"

ವೈದ್ಯೆ ಗುಲ್ಬರ್ಚಿನ್ ಇನ್ನೂ ಚಿಕ್ಕ ಹುಡುಗಿ. ಅವಳು ಬಾಯಿ ತೆರೆಯುವಷ್ಟರಲ್ಲಿ ಪರೀಕ್ಷೆಯ ಮಂಚ ತುಂಬಿತು, ಕಿಟಕಿಕಟ್ಟೆ ತುಂಬಿತು. ಯಾರೋ ಅವಳ ಮೇಜಿನ ಮೇಲೆ ಬಟ್ಟೆ ಹಾಸಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ಸುರಿದೇಬಿಟ್ಟರು.

"ಪೇಷಂಟ್ ಒಬ್ರೇ ಇರ್ಬೇಕು..."

"ಮೊದ್ಲು ಒಂದು ಚೂರು ಬಾಯಿಗೆ ಹಾಕ್ಕೋ ಮಗಳೇ," ಎಂದಳು ಕಾನೈಮ್. "ಎದುರಿಗೆ ಇಟ್ಟಿದ್ದನ್ನ ಬೇಡ ಅನ್ಬಾರ್ದು."

ಎಷ್ಟು ಓದಿದ್ದರೇನು, ಅವಳೂ ನಮ್ಮವಳೇ. ತಿಂದಳು. ತಿಂದಮೇಲೆ ಹಾರೈಕೆ ಬೇಡವೇ? ಶುರುವಾಯಿತು. ಇನ್ನು ಕೊನೆಯವನ ಮಾತು ಮುಗಿದು, ಎಲ್ಲರೂ 'ಓಮಿನ್' ಎಂದು ಅಂಗೈಯಿಂದ ಮುಖ ಸವರಿಕೊಳ್ಳುವವರೆಗೆ ಯಾರೂ ಎದ್ದು ಹೋಗುವಂತಿಲ್ಲ; ಅದಾದಮೇಲೆ ಯಾರೂ ಕೂತಿರುವಂತಿಲ್ಲ.

"ಈ ಡಾಕ್ಟ್ರ ಕೈಗುಣ ಚೆನ್ನಾಗಿರ್ಲಿ, ಒಳ್ಳೇ ಗಂಡ ಸಿಗ್ಲಿ!" ಎಂದು ಕಾನೈಮ್ ಆರಂಭಿಸಿದಳು. "ನನ್ನ ತಮ್ಮ ಚಿಕ್ಕೋನಿದ್ದಾಗ ಮೇಕೆ ಕಂಡ್ರೂ ತಲೆ ತಗ್ಗಿಸ್ತಿದ್ದ."

"ಹೆದ್ರಿಕೆ ನಮ್ಮ ವಂಶದಲ್ಲೇ ಇಲ್ಲ ತಾಯಿ!" ಎಂದ ಕಾನೈಮಳ ಚಿಕ್ಕಪ್ಪ ತುರ್ಗುನ್‌ಬಾಯ್. "ನಮ್ಮ ಮುತ್ತಜ್ಜ ತೋಳಕ್ಕೇ ಬೈದು ಕಳಿಸಿದ್ದ."

ಹೀಗೆ ಸುತ್ತಿ ಸುತ್ತಿ ಸರದಿ ಶೈಲೊಬೆಕನ ಬಳಿ ಬಂದು ನಿಂತಿತು. ಎಲ್ಲರ ಕಣ್ಣೂ ಅವನ ಮೇಲೆ. ಮುಖವಾಡ ಎಳೆದುಕೊಳ್ಳಲು ಕೈ ತಾನಾಗಿ ಹಣೆಗೆ ಹೋಯಿತು; ಅಲ್ಲಿ ಬೆವರು ಮಾತ್ರ ಇತ್ತು. ಓಡೋಣವೆಂದು ಕಿಟಕಿ ನೋಡಿದ. ಅಲ್ಲೂ ಇಬ್ಬರು ನೆಂಟರು. ಬೇರೆ ದಾರಿ ಕಾಣದೆ ಎದ್ದು ನಿಂತ.

"ನನಗೆ... ನಿಮ್ಮೆಲ್ರನ್ನ ಕಂಡ್ರೆ ಭಯ," ಎಂದ. "ಚಿಕ್ಕಂದಿನಿಂದಾನೂ ಭಯ. ಜಿಬೆಕನ್ನ ನಾನೇ ಹರಸ್ಬೇಕು, ಅದಕ್ಕೇ ಬಂದಿದೀನಿ. ಎಲ್ರೂ ಹೊರಗೆ ಹೋಗಿ!"

ಅವನದೇ ಕೊನೆಯ ಸರದಿ. ತುರ್ಗುನ್‌ಬಾಯ್, ಅಭ್ಯಾಸಬಲದಿಂದ, ಅಂಗೈಗಳನ್ನು ಮೇಲೆತ್ತಿದ.

"ಓಮಿನ್!"

ಎಲ್ಲರೂ ಮುಖ ಸವರಿಕೊಂಡರು. ವೈದ್ಯೆಯೂ ಸವರಿಕೊಂಡಳು. ಇನ್ನು ಕೂರುವಂತಿಲ್ಲ; ಒಬ್ಬೊಬ್ಬರಾಗಿ ಹೊರನಡೆದರು.

"ಚೆನ್ನಾಗೇ ಹೇಳ್ದ," ಎಂದು ಕಾನೈಮ್ ಬಾಗಿಲಲ್ಲಿ ಕಣ್ಣೊರೆಸಿಕೊಂಡಳು. "ಸ್ವಲ್ಪ ಚಿಕ್ದಾಯ್ತು, ಅಷ್ಟೇ."

ಬಾಗಿಲು ಮುಚ್ಚಿತು. ಶೈಲೊಬೆಕ್ ಇನ್ನೂ ನಿಂತೇ ಇದ್ದ.

"ಡಾಕ್ಟ್ರೇ, ನಾನು ಹೇಳಿದ್ದು ಬಾಯಿಂದ ಬಂತಾ? ಎಲ್ರಿಗೂ ಕೇಳಿಸ್ತಾ?"

"ವರಾಂಡದ ಕೊನೆವರ್ಗೂ ಕೇಳಿಸಿರತ್ತೆ."

ಅವನು ಕುರ್ಚಿಯಲ್ಲಿ ಕುಸಿದು ಮಗುವಿನಂತೆ ಅಳತೊಡಗಿದ. ಗುಲ್ಬರ್ಚಿನ್ ಉಳಿದ ಬೋರ್ಸೋಕನ್ನು ಅವನತ್ತ ಸರಿಸಿ, ಬಾಗಿಲಿನ ಚಿಲಕ ಹಾಕಿಬಂದಳು.