ಸ್ವೆಟರ್ ಜೇಬಿನ ಹಿಟ್ಟು

ಇವತ್ತು ನಾದುವ ಹಿಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಆ ವಾಸನೆಗೆ ನಾನು ಚಿಕ್ಕವಳಿದ್ದಾಗಿನ, ಇಲ್ಲೇ ಕತಾರಿನ ಅಲ್ ವಕ್ರಾದ ಕಡಲತೀರ ನೆನಪಾಯಿತು.

ಪಪ್ಪ ಉಡುಪಿ ಕಡೆಯ ಹೊಳೆಬದಿಯಲ್ಲಿ ಬೆಳೆದವರು. ಕತಾರಿನಲ್ಲಿ ಹೊಳೆಯೇ ಇಲ್ಲ. ಆದರೂ ಚಳಿಗಾಲದ ಶುಕ್ರವಾರಗಳಲ್ಲಿ ಹೊಳೆಮೀನಿಗೆ ಹಾಕುವ ಈ ಹಿಟ್ಟನ್ನೇ ಸಮುದ್ರದ ಗಾಳಕ್ಕೂ ಸಿಕ್ಕಿಸುತ್ತಿದ್ದರು. ಚಳಿಗೆ ಅದು ಗಟ್ಟಿಯಾಗದಂತೆ ಸ್ವೆಟರ್ ಜೇಬಿನಲ್ಲಿ ಮುಷ್ಟಿ ಹಿಡಿದು ಬೆಚ್ಚಗಿಡುವುದು ನನ್ನ ಕೆಲಸ.

"ಇದು ಹೊಳೆ ಅಲ್ಲ ಮಾರಾಯ್ರೆ, ಸಿಗಡಿ ಹಾಕಿ. ಹಿಟ್ಟಿಗೆ ಮೀನು ಮಾಫಿ, ಸಿಗೋದೇ ಇಲ್ಲ" ಎಂದು ಜೊತೆಗೆ ಗಾಳ ಹಾಕಲು ಬರುತ್ತಿದ್ದ ಪಕ್ಕದ ಮನೆಯ ರಫೀಕ್ ಅಂಕಲ್ ನಗುತ್ತಿದ್ದರು.

ಮೂರು ವಾರ ಬರಿಗೈ. ಮಮ್ಮಿ ಮಾತ್ರ ಪ್ರತಿ ಸಲ ಮೀನಿನ ಮಸಾಲೆ ಅರೆದಿಟ್ಟು ಕಾಯುತ್ತಿದ್ದರು. ಕೊನೆಗೆ ಅದನ್ನು ಬಟಾಟೆಗೆ ಹಚ್ಚಿ ಹುರಿಯುತ್ತಿದ್ದರು.

ನಾಲ್ಕನೆಯ ಶುಕ್ರವಾರ ಗಾಳದ ದಾರ ನನ್ನ ಬೆರಳಿಗೆ ಮೆಲ್ಲಗೆ ತಾಗಿತು.

"ಈಗಲೇ ಎಳೀಬೇಡ. ಚಳಿಗೆ ಮೀನು ನಿಧಾನ ತಿಂತದೆ" ಎಂದರು ಪಪ್ಪ.

ಉಸಿರು ಬಿಗಿಹಿಡಿದು ಕಾದೆ. ಎಳೆದಾಗ ಅಂಗೈಯಗಲದ ಸಾಫಿ ಮೀನು ಬಂತು. ರಫೀಕ್ ಅಂಕಲ್ ತಮ್ಮ ಸಿಗಡಿಯ ಡಬ್ಬಿ ಮುಚ್ಚಿ ನನ್ನ ಕಡೆ ಕೈ ಚಾಚಿದರು. "ನಂಗೂ ಸ್ವಲ್ಪ ಹಿಟ್ಟು ಕೊಡು ಮಗಳೇ."

ಊರಿನಿಂದ ನಮ್ಮನ್ನು ನೋಡಲು ಬಂದಿರುವ ಪಪ್ಪ ಈಗಷ್ಟೇ ನನ್ನ ಮಗಳ ಜೊತೆ ಅದೇ ತೀರಕ್ಕೆ ಹೊರಟರು. ಹಿಟ್ಟು ಅವಳ ಜೇಬಿನಲ್ಲಿದೆ. ನಾನು ಮಸಾಲೆ ಅರೆದಿಟ್ಟಿದ್ದೇನೆ. ಬಟಾಟೆ ತಂದಿಲ್ಲ.