ಹತ್ತಿಗಿಡದೊಳಗಿನ ಮಾತು

ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವಳು ನಾನು. ಹತ್ತಿಯನ್ನು ಮೂಟೆಯಲ್ಲಿ ನೋಡಿದ್ದೇ ಹೆಚ್ಚು, ಗಿಡದಲ್ಲಿ ನೋಡಿದ್ದು ಕಡಿಮೆ. ಸಂಶೋಧನೆಗೆ ಆರಿಸಿಕೊಂಡದ್ದು ಮಾತ್ರ ಹತ್ತಿ ಎಲೆಯ ರಸ ಹೀರುವ ಹಸಿರು ಜಿಗಿಹುಳುವನ್ನು. ಅಕ್ಕಿಕಾಳಿಗಿಂತ ಸಣ್ಣದು. ಅಷ್ಟು ದೊಡ್ಡ ಹೊಲದಲ್ಲಿ ಗಂಡು ಹೆಣ್ಣು ಒಂದನ್ನೊಂದು ಹುಡುಕಿಕೊಳ್ಳುವುದು ಹೇಗೆ? ಅವು ಗಾಳಿಯಲ್ಲಿ ಕೂಗುವುದಿಲ್ಲ, ಹೊಟ್ಟೆ ನಡುಗಿಸಿ ಆ ನಡುಕವನ್ನು ಕಾಂಡದಲ್ಲಿ ಹರಿಯಬಿಡುತ್ತವೆ ಎಂದು ಓದಿದ್ದೆ. ಕೇಳಿರಲಿಲ್ಲ.

ಆಸ್ಪರಿಯ ಹತ್ತಿರ ಒಂದು ದಿನ್ನೆಯ ಮೇಲೆ ಚಿಕ್ಕಮ್ಮನ ಹೊಲವಿತ್ತು. ಅಲ್ಲಿ ಗಿಡಕ್ಕೆ, ಕಾಂಡದ ನಡುಕವನ್ನು ಸದ್ದಾಗಿಸುವ ಅಂಗಿಗುಂಡಿಯಷ್ಟು ಸೆನ್ಸರ್ ಅಂಟಿಸಿ, ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಆ ದಿನ್ನೆಯ ಮೇಲೆ ಗಾಳಿಗೆ ತಡೆಯೇ ಇಲ್ಲ. ಮೊದಲ ಮಳೆಗಾಲವಿಡೀ ಕೇಳಿಸಿದ್ದು ಗಾಳಿಯೊಂದೇ.

“ವಿಷಯ ಬದಲಾಯಿಸಮ್ಮ,” ಎಂದು ನನ್ನ ಮಾರ್ಗದರ್ಶಕರು ಫೋನಿನಲ್ಲಿ ಹೇಳಿದರು. ಇನ್ನೊಂದು ಮಳೆಗಾಲ ನೋಡುತ್ತೇನೆ ಸರ್ ಎಂದು ಬೇಡಿಕೊಂಡೆ.

ಮರುವರ್ಷ ಒಂದು ಬೆಳಿಗ್ಗೆ ಮೋಡ ಕವಿದು ಗಾಳಿ ಪೂರಾ ನಿಂತಿತು. ಕಿವಿಯಲ್ಲಿ ಗುರ್ ಗುರ್ ಎಂದು ದೂರದ ಮೋಟರ್‌ಸೈಕಲ್ಲಿನಂಥ ಸದ್ದು. ರಸ್ತೆ ಕಡೆ ನೋಡಿದೆ, ಯಾರೂ ಇಲ್ಲ. ಅದು ನಿಂತ ಕೂಡಲೇ ಇನ್ನೊಂದು ಮೆಲುದನಿ ಬಂತು. ಮತ್ತೆ ಅದು, ಮತ್ತೆ ಇದು.

“ಯಾಕವ್ವ, ಅಳಾಕತ್ತೀಯಲ್ಲ?” ಎಂದಳು ಪಕ್ಕದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಚಿಕ್ಕಮ್ಮ. ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಇಯರ್‌ಫೋನ್ ಅವಳ ಕಿವಿಗಿಟ್ಟೆ.

“ಯಾರದರ ಫೋನ್ ಬಂದೈತೇನು?”

“ಫೋನಲ್ಲ ಚಿಕ್ಕಮ್ಮ. ಈ ಗಿಡದಾಗ ಹುಳ ಮಾತಾಡಾಕತ್ಯಾವ. ಗಂಡು ಕರಿತೈತಿ, ಹೆಣ್ಣು ಓಗೊಡತೈತಿ.”

“ನಿಜಂಗಾ?” ಬೆರಗಾದಾಗ ಅವಳಿಗೆ ತೆಲುಗೇ ಬರುತ್ತಿತ್ತು. ಗಿಡದ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು. “ಹಂಗಾರ ನಮ್ಮ ಹೊಲ ಒಂದಿನಾನೂ ಸುಮ್ಮನ ಇದ್ದಿಲ್ಲೇನು!”

ಅಷ್ಟರಲ್ಲಿ ಗಂಡು ಕಾಂಡದ ಮೇಲೆ ಇಳಿದು ಬರುತ್ತಿರುವುದು ಕಂಡಿತು. ಕವಲು ಸಿಕ್ಕಲ್ಲಿ ನಿಂತು, ಎರಡೂ ಕಡೆ ಕಾಲಿಟ್ಟು ಕರೆಯಿತು. ಉತ್ತರ ಎತ್ತಲಿಂದ ಬಂತೆಂದು ಕಾಲಿನಿಂದಲೇ ಕೇಳಿಸಿಕೊಂಡು ಆ ಕಡೆ ತಿರುಗಿತು. ಮುಂದಿನ ಕವಲಿನಲ್ಲೂ ಹಾಗೆಯೇ. ಹೆಣ್ಣಿದ್ದ ಎಲೆಯ ಅಡಿಗೆ ಅದು ತಲುಪುವವರೆಗೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ನನ್ನ ಪಿಎಚ್‌ಡಿ ಬೆಳೆದದ್ದು ಆ ಬೆಳಗಿನಿಂದ. ಆಮೇಲೆ ಪ್ರಯೋಗಾಲಯದಲ್ಲಿ, ಅಂದು ಧ್ವನಿಮುದ್ರಿಸಿದ್ದ ಗಂಡಿನ ಕರೆಯನ್ನು ಪುಟ್ಟ ಯಂತ್ರದಿಂದ ಕುಂಡದ ಗಿಡಕ್ಕೆ ಹರಿಸಿದೆ. ಎಲೆಯಡಿಯ ಹೆಣ್ಣು ತಡಮಾಡದೆ ಓಗೊಟ್ಟಿತು. ಬೇರೊಂದು ಜೀವ ನನಗೇ ಉತ್ತರ ಕೊಟ್ಟಂತಾಗಿ, ಗಾಬರಿಯಿಂದ ಯಂತ್ರ ನಿಲ್ಲಿಸಿಬಿಟ್ಟೆ. ಹೆಣ್ಣು ಇನ್ನೊಮ್ಮೆ ಕರೆದು ನೋಡಿತು.