ದುಂಡು ಅರ್ಜಿಯಲ್ಲಿ ಇಲ್ಲದ ಹೆಸರು

ಮೊನ್ನೆ ಮೊಮ್ಮಗ ಅಂಗಳದಲ್ಲಿ ಪಟಾಕಿ ಹಚ್ಚಿದ. ಮದ್ದಿನ ವಾಸನೆ ಒಳಗೆ ಬಂದದ್ದೇ ತಡ, ಚಿಂಚೋಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು. ಎದ್ದು ಕಿಟಕಿ ಮುಚ್ಚಿದೆ.

ಅದು ನಿಜಾಮರ ಕಾಲ. ನಾನು ಅಲ್ಲಿ ಸರ್ಕಾರಿ ಶಾಲೆಯ ಮಾಸ್ತರ. ಕಾಕಾನ ಹೊಲ ಅಡವಿಗೆ ಹತ್ತಿಕೊಂಡಿತ್ತು. ಜೋಳ ಹಾಲುಗಾಳಾದರೆ ಸಾಕು, ಕಾಡುಹಂದಿಗಳು ಹಿಂಡುಗಟ್ಟಿ ನುಗ್ಗುತ್ತಿದ್ದವು. ಅವರ ಬಳಿ ಲೈಸನ್ಸಿನ ಹಳೆಯ ಬಂದೂಕೊಂದಿತ್ತು. ಮನೆಯವರ ರೊಟ್ಟಿ ಉಳಿಯುತ್ತಿದ್ದುದು ಅದರಿಂದಲೇ.

ಒಂದು ವರ್ಷ, ಲೈಸನ್ಸ್ ಇದ್ದವರೂ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಬಂತು. ಇಡೀ ಸಂಸ್ಥಾನದ ಬಂದೂಕುದಾರರು ಕಟ್ಟಿಕೊಂಡಿದ್ದ ಸಂಘವೊಂದಿತ್ತು. ಇದು ನಮ್ಮ ಹಕ್ಕು, ಊರೂರಿನಿಂದ ಅರ್ಜಿ ಹೋಗಲಿ ಎಂದು ಅದು ಹೇಳಿಕಳಿಸಿತು. ಸೇಡಂ, ಚಿತ್ತಾಪುರದವರೆಗೂ ಅಲೆದು ಜನರನ್ನು ಕೂಡಿಸಿದವರು ಕಾಕಾ. ಉರ್ದುವಿನಲ್ಲಿ ಅರ್ಜಿ ಬರೆದವನು ನಾನು. ಭಾರೀ ಹುರುಪಿನಿಂದಲೇ ಬರೆದೆ, ಸುಳ್ಳೇಕೆ ಹೇಳಲಿ...

ಮೊದಲ ಹೆಸರಿನವನನ್ನೇ ಮುಖಂಡನೆಂದು ಹಿಡಿಯುತ್ತಾರೆಂದು, ಸಂಘದವರು ಹೆಸರುಗಳನ್ನು ಸಾಲಾಗಿ ಬರೆಯದೆ ಬಂಡಿಯ ಗಾಲಿಯಂತೆ ದುಂಡಗೆ ಬರೆಸುತ್ತಿದ್ದರು. ಓದುಬಲ್ಲವರದು ಸಹಿ, ಉಳಿದವರದು ಹೆಬ್ಬೆಟ್ಟು. ಬಂದೂಕಿಲ್ಲದವರೂ ಬೆಂಬಲಕ್ಕೆಂದು ಹೆಸರು ಹಾಕುತ್ತಿದ್ದರು.

“ನಿಮ್ಮ ಹೆಸರು ಎಲ್ಲಿ ಅದರಿ ಮಾಸ್ತರ?” ಎಂದರು ಕಾಕಾ.

ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಚಿತ್ತಾಪುರದ ವ್ಯಾಪಾರಿಯೊಬ್ಬರ ಸಹಿಯ ಮೇಲೆ ಬೆರಳಿಟ್ಟು, “ಇಲ್ಲೇ ಅದ ನೋಡ್ರಿ” ಎಂದೆ. ನೌಕರಿ ಹೋದೀತೆಂಬ ಅಂಜಿಕೆ. ಅಂಜಿಕೆ ಅವರೆಲ್ಲರಿಗೂ ಇತ್ತು. ಆದರೂ ಹೆಬ್ಬೆಟ್ಟು ಒತ್ತಿದ್ದರು.

ಸ್ವಲ್ಪ ದಿನಕ್ಕೇ ಕಾಕಾನಿಗೆ ತಹಶೀಲ್ ಕಚೇರಿಯಿಂದ ಕರೆ ಬಂತು. ಓದುಬಲ್ಲವರೊಬ್ಬರು ಜೊತೆಗಿರಲೆಂದು ನನ್ನನ್ನೂ ಕರೆದೊಯ್ದರು. ಅರ್ಜಿ ಹಾಕಿದವರ ಲೈಸನ್ಸ್ ರದ್ದು, ಬಂದೂಕು ಜಪ್ತಿ ಎಂದರು ಸಾಹೇಬರು. ಕಾಕಾ ತಮ್ಮ ಬಂದೂಕಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಕೈಮುಗಿದು, “ನಮ್ಮ ಮಾಸ್ತರರ ಹೆಸರೊಂದು ಹೊಡದು ಹಾಕ್ರಿ ಸಾಹೇಬ್ರ. ಭಾಳ ಒಳ್ಳೇ ಮನುಷ್ಯಾ, ನೌಕರಿ ಹೋದೀತು. ನಾನೇ ಜುಲುಮಿ ಮಾಡಿ ಹಾಕಿಸೀನಿ” ಎಂದರು.

ಸಾಹೇಬರು ಕಾಗದವನ್ನು ಸುತ್ತಲೂ ತಿರುಗಿಸಿ ಓದಿದರು. “ಯಾವ ಮಾಸ್ತರ್? ಇದರಾಗ ಅವರ ಹೆಸರೇ ಇಲ್ಲ.”

ನೆಲ ಬಾಯಿಬಿಡಬಾರದೇ ಅನಿಸಿತು. ಕಾಕಾ ನನ್ನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, “ಛಲೋ ಆತು ಬಿಡ್ರಿ, ನೀವರೆ ಉಳದ್ರಿ” ಎಂದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ವರ್ಷದ ಜೋಳವೆಲ್ಲ ಹಂದಿಗಳ ಪಾಲಾಯಿತು. ಕಾಕಾ ಆ ವಯಸ್ಸಿನಲ್ಲಿ ಶಹಾಬಾದಿನ ಕಲ್ಲುಗಣಿಗೆ ಕೂಲಿ ಹೋದರು. ಆ ದಾರಿಯಲ್ಲಿ ಎಷ್ಟೋ ಸಲ ರೈಲಿನಲ್ಲಿ ಹೋದೆ, ಒಮ್ಮೆಯೂ ಇಳಿಯಲಿಲ್ಲ... ಅಲ್ಲೇ ತೀರಿಕೊಂಡರಂತೆ. ತಪ್ಪಾಯಿತೆನ್ನಲು ಈಗ ಅವರಿಲ್ಲ. ನಾನು ಮಾತ್ರ ಅಂದು ಉಳಿಸಿಕೊಂಡ ನೌಕರಿಯ ಪಿಂಚಣಿಯಲ್ಲಿ ಇಂದಿಗೂ ಉಣ್ಣುತ್ತಿದ್ದೇನೆ.